ಮಾತಿಗಿಂತ ಮುಂದೆ ಓಡಿದವಳು

ಆ ಊರಲ್ಲಿ ಶಬ್ದ ಮನುಷ್ಯರ ನಡಿಗೆಯಷ್ಟೇ ನಿಧಾನವಾಗಿ ಸಾಗುತ್ತಿತ್ತು. ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ನೀಲಗಂಗಾಳ ಗಂಡ ಈರಬಸಪ್ಪನಿಗೆ ವಿಜ್ಞಾನದ ಹುಚ್ಚು. ಅವತ್ತು ಅವಳ ಹೊಸ ಕುಕ್ಕರಿಗೇ ತೂತು ಕೊರೆದು, ಪ್ರಯೋಗ ಮಾಡಲು ಮೈದಾನದ ಆ ತುದಿಗೆ ಹೋಗಿದ್ದ.

ಸಿಟ್ಟು ನೆತ್ತಿಗೇರಿ ಅವಳು ಈ ತುದಿಯಿಂದಲೇ, “ಇನ್ನ ಮನೀಗೆ ಬರಬ್ಯಾಡ್ರಿ! ನಿಮ್ಮ ಮಾರಿ ನೋಡಾಕ ಒಲ್ಲೆ!” ಎಂದು ಕೂಗಿಬಿಟ್ಟಳು. ಕೂಗಿದ ಮರುಕ್ಷಣವೇ ಹಾಗೆ ಅನ್ನಬಾರದಿತ್ತು ಅನಿಸಿತು. ಸೀರೆ ಎತ್ತಿ ಕಟ್ಟಿ ಓಡಿದಳು. ತನ್ನ ಮಾತನ್ನು ದಾರಿಯಲ್ಲೇ ಹಿಂದೆ ಹಾಕಿ, ಗಂಡನ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದಳು. ಕೂಗು ಬಂದು ದಾಟಿಹೋದದ್ದು ಅವಳೊಬ್ಬಳಿಗೇ ಕೇಳಿಸಿತು.

“ಏನಾತು?” ಎಂದ ಈರಬಸಪ್ಪ.

“ಏನಿಲ್ರಿ, ಉಣ್ಣಾಕ ಬರ್ರಿ.”

ಮನೆಯತ್ತ ನಡೆಯುತ್ತಾ ಅವನು ಕೇಳಿದ: “ಅಲ್ಲಾ, ಮಾತು ಮನಷ್ಯಾರಕಿಂತ ಜೋರ್ ಓಡಿದ್ರ ಏನಾಗ್ತಿತ್ತು?”

ನೀಲಗಂಗಾ ಇನ್ನೂ ಏದುಸಿರು ಬಿಡುತ್ತಿದ್ದಳು. “ಯಾರ ಸಂಸಾರಾನೂ ಉಳೀತಿರಲಿಲ್ರಿ!”