ಅರ್ಥ ಹೇಳುವವರು

"ನಿನ್ನವ್ವ ಆ ಜಾರಸ್ತ್ರೀ ಮನೆ ತೊತ್ತು. ತೊತ್ತಿನ ಮಗನ್ನ ನಾನೆಂಗ್ಲಾ ಮುಳುಗಿಸ್ಲಿ?"

ಪಾಲಾರ್ ಹೊಳೆಯೊಳಗೆ ನಿಂತು ಪಾಸ್ಟರ್ ಶಾಂತಮೂರ್ತಿ ಹೀಗೆಂದಾಗ ದಡದ ಮೇಲಿದ್ದವರ ಹಾಡು ಅರ್ಧಕ್ಕೇ ನಿಂತಿತು. ದೀಕ್ಷಾಸ್ನಾನಕ್ಕೆಂದು ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟು ಆಗಷ್ಟೇ ನೀರಿಗಿಳಿದಿದ್ದ ಆರೋಗ್ಯರಾಜನ ಮುಖ ಕಪ್ಪಿಟ್ಟಿತು. ಅವನ ಹಿಂದೆ ಸರದಿ ಕಾಯುತ್ತಿದ್ದ ಅಗರದ ದೊಡ್ಡಬಸಮ್ಮ, "ಬ್ಯಾಗ ಮುಳುಗಿಸಿ ಕಳುಸ್ರಪ್ಪಾ, ನೆತ್ತಿ ಸುಡ್ತಾದೆ" ಎಂದಳು.

ಪಾಸ್ಟರ್ ಕೇಳಿದ್ದು ಅವನ ಅವ್ವನ ಜಪಸರ. ಕ್ಯಾಥೊಲಿಕ್ ಮನೆಯಿಂದ ಬಂದವರು ಮನೆಯಲ್ಲಿರುವ ಜಪಸರವನ್ನು ತಂದು, ಎಲ್ಲರ ಎದುರಿಗೆ ಹೊಳೆಗೆಸೆದು, ಆಮೇಲೆ ಮುಳುಗಬೇಕು. ಅದು ಪಾಸ್ಟರೇ ಮಾಡಿದ ನೇಮ. ಆರೋಗ್ಯರಾಜ ಬರಿಗೈಯಲ್ಲಿ ಬಂದಿದ್ದ.

ಹಾಗಂತ ಅವನಿಗೆ ತಾನು ಹುಟ್ಟಿದ ರೋಮಿನ ಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ ಮೇಲೆ ಮಮಕಾರವೇನೂ ಉಳಿದಿರಲಿಲ್ಲ. ಪಾಸ್ಟರ ಪ್ರಾರ್ಥನೆ ಮನೆಯ ಗೋಡೆಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಏಳು ತಲೆಯ ಮೃಗ, ಅದರ ಮೇಲೆ ಕೆಂಪು ಸೀರೆ ಉಟ್ಟು ಕೂತ ಹೆಂಗಸು, ಜಾರಸ್ತ್ರೀ. ಏಳು ತಲೆ ಅಂದರೆ ರೋಮಿನ ಏಳು ಗುಡ್ಡ, ಹೆಂಗಸು ಅಂದರೆ ಆ ಸಭೆಯೇ, ಬೈಬಲ್ಲು ಮುಂಚೆಯೇ ಹೇಳಿಟ್ಟಿದೆ ಎಂದು ಪಾಸ್ಟರ್ ಕೋಲು ಹಿಡಿದು ತೋರಿಸಿದ ದಿನ ಅವನ ರಕ್ತ ಕುದ್ದುಹೋಗಿತ್ತು. ಆ ಸಭೆಯ ಗುರುಗಳು ಹಿಂದೆ ಪಾಪಕ್ಕೆ ಕ್ಷಮೆಯನ್ನು ಚೀಟಿ ಮಾಡಿ ಮಾರಿದರಂತೆ. ಬೈಬಲ್ಲನ್ನು ಜನರಾಡುವ ಮಾತಿಗೆ ತಂದವರನ್ನು ಕಂಬಕ್ಕೆ ಕಟ್ಟಿ ಸುಟ್ಟರಂತೆ. ಅವನ ಮನೆಯಲ್ಲೂ ಬೈಬಲ್ಲು ಬಟ್ಟೆ ಸುತ್ತಿಕೊಂಡು ದೇವರ ಪಟದ ಕೆಳಗೆ ಕೂತಿತ್ತೇ ಹೊರತು ಬಿಚ್ಚಿದವರಿಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅವನು ಈಗ ಕುಂತೂರಿನ ಸಕ್ಕರೆ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರ್ಯಾಕ್ಟರನ್ನು ಸಾಲಿಗೆ ಹಚ್ಚಿ, ಸ್ಟೇರಿಂಗಿನ ಮೇಲೆ ಬೈಬಲ್ಲಿಟ್ಟು, ಬೆರಳು ಊರಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದ. ಓದಿದಷ್ಟೂ ಸಿಟ್ಟು ಏರುತ್ತಿತ್ತು. ಇದನ್ನು ನಮ್ಮ ಮುತ್ತಜ್ಜನ ಕೈಗೆ ಕೊಡದೆ ಮುಚ್ಚಿಟ್ಟವರು ಯಾವ ಮುಖ ಹೊತ್ತು ಗುರುಗಳು ಅನ್ನಿಸಿಕೊಂಡರು?

ಆ ಸಿಟ್ಟನ್ನೆಲ್ಲ ಹಿಂದಿನ ಸಂಜೆ ಅವ್ವ ಲೂರ್ದಮ್ಮನ ಮೇಲೆ ಕಾರಿದ್ದ. ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಕಸ ಗುಡಿಸುವವಳು ಅವಳು.

"ಯಾರ ಮನೆ ಕಸ ಗುಡುಸ್ತಿದ್ದೀಯ ಗೊತ್ತಾ? ಮನುಸ್ರನ್ನ ಸುಟ್ಟೋರು ಅವ್ರು."

"ಸುಟ್ಟಿರ್ಬೌದು ಕಣಪ್ಪ. ಬೂದಿ ಬಿದ್ದಿದ್ರೆ ಅದ್ನೂ ಯಾರಾದ್ರೂ ಗುಡುಸ್ಬೇಕಲ್ಲ."

"ಸರ ಕೊಡವ್ವ ಇಲ್ಲಿ."

ಅವಳು ಕೊಡಲೂ ಇಲ್ಲ, ಬಚ್ಚಿಡಲೂ ಇಲ್ಲ. ಅದನ್ನು ಗೋಡೆಯ ಮೊಳೆಗೆ ತಗುಲಿಸಿ ಮುದ್ದೆ ತಿರುವಲು ಒಳಗೆ ಹೋದಳು. ಕೈ ಚಾಚಿದರೆ ಸಿಗುವಂತಿತ್ತು. ಅವನ ಕೈ ಏಳಲಿಲ್ಲ.

"ಬಾಯಿಗೇನ್ ಬೀಗ ಬಿದ್ದದಾ?" ಹೊಳೆಯಲ್ಲಿ ಪಾಸ್ಟರ್ ನೀರು ಸೀಳಿಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ಅಯ್ನೋರೇ, ನಮ್ಮವ್ವನ್ನ ಅಂಗೆಲ್ಲ ಅನ್ಬ್ಯಾಡಿ. ಒಂದ್ ಮಾತು ಕೇಳ್ತೀನಿ. ಮುಳುಗೋಕ್ ಮುಂಚೆ ಅವ್ವನ ಸರ ಎಸೀಬೇಕು ಅಂತ ಬೈಬಲ್ನಾಗೆ ಎಲ್ಲದೆ? ನಾನು ಉಡುಕ್ದೆ, ಸಿಕ್ನಿಲ್ಲ. ಆ ಮೃಗದ ಮ್ಯಾಲಿನ ಎಂಗ್ಸಿನ ತಾವ ರೋಮು ಅನ್ನೋ ಎಸ್ರೂ ಸಿಕ್ನಿಲ್ಲ. ಇದ್ರೆ ತೋರ್ಸಿ, ಈಗ್ಲೇ ಓಗಿ ಸರ ತತ್ತೀನಿ."

ಪಾಸ್ಟರ್ ದಡದ ಕಡೆ ತಿರುಗಿ ನಕ್ಕರು. "ಕೇಳುದ್ರಾ? ಟ್ರ್ಯಾಕ್ಟರ್ ಓಡ್ಸೋನು ಪ್ರವಾದನೆ ಅರ್ಥ ಬಿಡುಸ್ತಾನೆ. ಲೇ, ನೀನು ಓದಿರಾದು ಎಂಟು. ಅರ್ಥ ಏಳಕ್ಕೆ ನಾವಿದ್ದೀವಿ. ನೀನು ನಂಬು, ಅಷ್ಟ್ ಸಾಕು."

ದಡದಲ್ಲಿ ನಾಲ್ಕಾರು ಜನ ನಕ್ಕರು. ಆರೋಗ್ಯರಾಜ ದನಿ ಏರಿಸಿದ.

"ರೋಮಿನೋರೂ ಇದ್ನೇ ಅಂದಿದ್ದಂತಲ್ಲ ಅಯ್ನೋರೇ. ನೀವೇ ಏಳ್ಕೊಟ್ರಿ. ನೀವು ಓದ್ಬ್ಯಾಡಿ, ಅರ್ಥ ನಾವು ಏಳ್ತೀವಿ, ಸುಮ್ಕೆ ನಂಬಿ ಅಂದ್ರಂತೆ. ಅದ್ಕೇ ಅಲ್ವಾ ನಾನು ಅಲ್ಲಿಂದ ಎದ್ದು ಬಂದಿದ್ದು? ಇಲ್ಲೂ ಅದೇ ಆದ್ರೆ ನಾನ್ಯಾಕೆ ಮುಳುಗ್ಬೇಕು?"

ದೊಡ್ಡಬಸಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಪಾಸ್ಟರ್ ದನಿ ಇಳಿಸಿದರು. ಇಳಿದ ದನಿಯೇ ಬೈಗುಳಕ್ಕಿಂತ ಹೆಚ್ಚು ಚುಚ್ಚುವಂತಿತ್ತು. "ಆಯ್ತು. ಸರ ಇಲ್ದೆ ನಾನು ನಿನ್ನ ಮುಳುಗ್ಸಕಿಲ್ಲ. ತಿರ್ಗಾ ಆ ಚರ್ಚಿಗೆ ಕಾಲಿಟ್ರೆ, ಬೈದು ಬುಟ್ಟೋದೋನು ಅಂತ ಅವ್ರು ಸೇರುಸ್ಕಳಕಿಲ್ಲ. ನಾಳೆ ನಿನ್ನ ಎಣ ಬಿದ್ರೆ ಗುಂಡಿ ತೋಡೋರು ಯಾರ್ಲಾ? ಯಾರ ಪೈಕಿಯೋನು ನೀನು? ಇಷ್ಟ್ ಜನದ ಮುಂದೆ ಬಾಯ್ಬುಟ್ಟು ಏಳು."

ಎಲ್ಲರ ಕಣ್ಣೂ ಅವನ ಬಾಯ ಮೇಲಿತ್ತು. ಅವನು ದಡದ ಕಡೆ ತಿರುಗಿದ. ದೊಡ್ಡಬಸಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ದಡ ಹತ್ತಿ, ಟವೆಲ್ ಮೇಲೆ ಒಟ್ಟಿದ್ದ ಬೈಬಲ್ಲುಗಳೊಳಗೆ ಕಬ್ಬಿನ ಜಿಡ್ಡು ಹತ್ತಿದ್ದ ತನ್ನದನ್ನು ಎತ್ತಿಕೊಂಡು, ಸುಡುವ ಮರಳಿನ ಮೇಲೆ ಬರಿಗಾಲಲ್ಲೇ ರಸ್ತೆಯ ಕಡೆ ನಡೆದ. ಹಿಂದಿನಿಂದ ನೋಡಿದವರಿಗೆ ಕಂಡಿದ್ದು ಇಷ್ಟು: ಬಿಳಿ ಪಂಚೆ ಮೊಣಕಾಲಿನವರೆಗೆ ಮಾತ್ರ ನೆಂದಿತ್ತು.