ರಬ್ಬರ್ ಬ್ಯಾಂಡ್ ಹಿಡಿದು ಕಲಿತ ಇಂಗ್ಲಿಷ್

ಮನುಷ್ಯನ ಸಂಸ್ಕೃತಿಯೆಲ್ಲ ಅವನ ದನಿಯ ಏರಿಳಿತದಲ್ಲಿದೆ ಎನ್ನುತ್ತಾರೆ. ನನ್ನದು ಒಂದು ರಬ್ಬರ್ ಬ್ಯಾಂಡಿನಲ್ಲಿತ್ತು. ಈಗಲೂ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದರೆ ನಾವು ಕೂಲಿಗೆಂದು ವಲಸೆ ಹೋಗಿದ್ದ ಯೆರವಡಾದ ಆ ಶಾಲೆಯ ಸಂಜೆ ಮೂಗಿಗೆ ಬಡಿಯುತ್ತದೆ.

ಇಂಗ್ಲಿಷ್ ಟೀಚರ್ ಎಲ್ಲರಿಗೂ ಒಂದೊಂದು ರಬ್ಬರ್ ಬ್ಯಾಂಡ್ ಹಂಚಿದ್ದರು. ಪ್ರಶ್ನೆಯಾದರೆ ದನಿಯ ಜೊತೆ ಅದನ್ನು ಮೇಲಕ್ಕೆ ಎಳೆಯಬೇಕು, ಹೇಳಿಕೆಯಾದರೆ ಕೆಳಗೆ ಬಿಡಬೇಕು. 'ಐ ಆ್ಯಮ್ ಗೋಯಿಂಗ್ ಹೋಮ್' ಎಂದು ದನಿ ಇಳಿಸಿದವರು ಮನೆಗೆ ಹೋಗಬಹುದು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಾನು ಉಳಿದೆ. ನಮ್ಮ ಮನೆಯಲ್ಲಿ ಮಕ್ಕಳು ದೊಡ್ಡವರಿಗೆ 'ಹೋಗುತ್ತೇನೆ' ಎಂದು ಹೇಳುವ ಪದ್ಧತಿಯಿರಲಿಲ್ಲ, 'ಹೋಗಲೇ' ಎಂದು ಕೇಳಬೇಕಿತ್ತು. ಹಾಗಾಗಿ ನನ್ನ 'ಹೋಮ್' ಪ್ರತಿ ಸಲವೂ ಅಪ್ಪಣೆ ಬೇಡುತ್ತ ಮೇಲೇರುತ್ತಿತ್ತು.

"ಪುನ್ಹಾ," ಎಂದರು ಟೀಚರ್ ಮರಾಠಿಯಲ್ಲಿ. ಮತ್ತೊಮ್ಮೆ ಎಂದರ್ಥ. ಅದು ಹನ್ನೊಂದನೆಯ ಮತ್ತೊಮ್ಮೆ.

ಅಷ್ಟರಲ್ಲಿ ಕಟ್ಟಡದ ಕೆಲಸ ಮುಗಿಸಿ ಅವ್ವ ಬಾಗಿಲಿಗೆ ಬಂದಳು, ಸೀರೆಗೆಲ್ಲ ಸಿಮೆಂಟು. ಗೇಟಿನಲ್ಲಿ ಕೂಲಿಯವರ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಅದು ತಪ್ಪಿದರೆ ಎರಡು ತಾಸಿನ ನಡಿಗೆ.

"ಇನ್ನಾ ಆಗಿಲ್ಲೇನ? ನೀ ಇಲ್ಲೇ ಇರು. ನಾ ಹೊಂಟೆ!"

ಟೀಚರ್ ಸಂತೋಷದಿಂದ ಎದ್ದೇ ನಿಂತರು. ದನಿ ಇಳಿಯಬೇಕಾದ್ದೇ ಹೀಗೆ, ಅಮ್ಮನ ಹಾಗೇ ಹೇಳು ಎಂದು ಆಜ್ಞೆಯಾಯಿತು.

ನಾನು ಅವ್ವನ ಮುಖ ನೋಡಿದೆ. "ಅನ್ಲ್ಯಾ ಯವ್ವಾ?"

"ದೊಡ್ಡೋರ ಮುಂದ ಹಂಗ ಅಂದಗಿಂದೀ, ಹಲ್ಲು ಮುರೀತೀನಿ ನೋಡು."

ಕನ್ನಡ ಬಾರದ ಟೀಚರ್, ಅವ್ವ ಹುರಿದುಂಬಿಸುತ್ತಿದ್ದಾಳೆಂದುಕೊಂಡು ತಲೆಯಾಡಿಸಿದರು. ನಾನು ರಬ್ಬರ್ ಬ್ಯಾಂಡನ್ನು ಎಳೆದು ಹಿಡಿದೇ ನಿಂತಿದ್ದೆ.

ಟೆಂಪೋ ಹೊರಟುಹೋಯಿತು. ಜವಾನ ಬೀಗ ಹಿಡಿದು ಬಂದ ಮೇಲೆ ಅವ್ವ ಮತ್ತು ನಾನು ನಡೆದುಕೊಂಡು ಮನೆಗೆ ಹೋದೆವು.