ಬಿಲ್ಲೆಗಿಟ್ಟ ಬೊಟ್ಟು

ಗ್ಯಾಸೂ ಇಲ್ಲದ, ಕಂಪ್ರೆಸರೂ ಇಲ್ಲದ ಪುಟ್ಟ ಫ್ರಿಜ್ ಅದು. ಒಳಗಿನ ಸೆರಾಮಿಕ್ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಿ ವಿದ್ಯುತ್ ನಿಲ್ಲಿಸಿದರೆ ತಣ್ಣಗಾಗುತ್ತದೆ. ವರ್ಷಗಟ್ಟಲೆ ಕೂತು ಅದನ್ನು ಮಾಡಿದವಳು ಅವಳು. ಪೇಟೆಂಟ್ ಅರ್ಜಿಯಲ್ಲಿ ಇದ್ದದ್ದು ಅವಳ ಪಿಎಚ್.ಡಿ. ಗೈಡ್ ಹೆಸರೊಂದೇ.

ಇವತ್ತು ಅದನ್ನು ಕೊಳ್ಳಲು ಕಂಪನಿಯವರು ಬಂದಿದ್ದರು.

“ಪೂಜೆ ಆಯ್ತೇನಮ್ಮಾ?” ಗೈಡ್ ಕೇಳಿದರು. ಬೊಟ್ಟಿಡದೆ ಅವರು ಯಾವ ಹೊಸ ಯಂತ್ರದ ಸ್ವಿಚ್ಚನ್ನೂ ಹಾಕಿದವರಲ್ಲ.

“ಹೊರಗಿನ ಡಬ್ಬಕ್ಕೆ ಇಟ್ಟಿದ್ದೀನಿ ಸರ್.”

“ಡಬ್ಬಕ್ಕಿಟ್ರೆ ಏನು ಬಂತು? ಕೆಲಸ ಮಾಡೋದು ಬಿಲ್ಲೆ ತಾನೆ. ತೆಗಿ ಮುಚ್ಚಳ.”

ಅವಳು ಮುಚ್ಚಳ ತೆಗೆದು, ನೀರಲ್ಲಿ ಕಲಸಿ ತಂದಿದ್ದ ಕುಂಕುಮದ ಬಟ್ಟಲನ್ನು ಮುಂದೆ ಹಿಡಿದಳು. ಬಿಲ್ಲೆಗೆ ಒಂದು ಹನಿ ನೀರು ತಾಕಿದರೂ ಸುಟ್ಟುಹೋಗುತ್ತದೆ ಎಂದು ಹೇಳಲು ಸಮಯವಿತ್ತು. ಹೇಳಲಿಲ್ಲ. ಗೈಡ್ ಧಾರಾಳವಾಗಿ ಬೊಟ್ಟಿಟ್ಟು ಕೈಮುಗಿದರು.

ಸ್ವಿಚ್ ಹಾಕುತ್ತಲೇ ಒಳಗೆ ಚಟ್ ಎಂದಿತು. ಸುಟ್ಟ ವಾಸನೆ ಕೋಣೆಯ ತುಂಬ ಹರಡಿತು.

“ಏನ್ಸಾರ್ ಇದು, ನಿಮ್ಮ ಮಷೀನು?” ಕಂಪನಿಯ ಮೇಡಂ ಕೇಳಿದರು.

“ನಂದಲ್ಲ ಮೇಡಂ,” ಗೈಡ್ ಅವಳತ್ತ ಬೆರಳು ತೋರಿಸಿದರು. “ಡಬ್ಬದಿಂದ ಹಿಡಿದು ಬಿಲ್ಲೆವರೆಗೆ ಎಲ್ಲಾ ಇವಳೇ ಮಾಡಿದ್ದು. ಇದರಲ್ಲಿ ನಂದೇನೂ ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ.”

“ಬರೆದುಕೊಡಿ ಸರ್,” ಎನ್ನುತ್ತ ಅವಳು ತನ್ನ ಚೀಲದಿಂದ ಅಂಥದ್ದೇ ಇನ್ನೊಂದು ಬಿಲ್ಲೆಯನ್ನು ಹೊರತೆಗೆದಳು.